ಆರಿದೆಯಾ ಎಂದು ಕೇಳಿದ್ದು

ಪುಡಿ ಒಣಗಿಸುವ ಕೋಣೆಯ ಆ ಹೆಂಗಸನ್ನು ನಾವೆಲ್ಲ ತಡೀರಕ್ಕ ಎನ್ನುತ್ತಿದ್ದೆವು. ಔಷಧಿ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಸರ, ಅವಳದು ಮಾತ್ರ ಯಾವಾಗಲೂ ಒಂದೇ ರಾಗ: "ತಡೀರಿ, ಸ್ವಲ್ಪ ತಡೀರಿ." ಪಕ್ಕದ ಕೋಣೆಯಲ್ಲಿ ಪುಡಿ ತುಂಬುವ ನಾನು ಕೈಕಟ್ಟಿ ಕೂತು ಕೂತು ರೋಸಿಹೋಗುತ್ತಿದ್ದೆ.

ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ಕಷ್ಟ. ಪುಡಿ ಬರುವಾಗ ಸ್ಪಿರಿಟ್‌ನಲ್ಲಿ ನೆಂದಿರುತ್ತದೆ. ವ್ಯಾಕ್ಯೂಮ್ ಓವನ್ನಿನಲ್ಲಿಟ್ಟು ಪಂಪಿನಿಂದ ಗಾಳಿ ಎಳೆದರೆ ಸಣ್ಣ ಕಾವಿಗೇ ಒಣಗುತ್ತದೆ. ಒಣಗಿತೆಂದು ತಕ್ಷಣ ಒಳಗೆ ಗಾಳಿ ಬಿಡುವಂತಿಲ್ಲ. ಹೀಟರ್ ಬಂದ್ ಮಾಡಿ, ಪಂಪು ನಡೆಯುತ್ತಿರುವಾಗಲೇ ತಣ್ಣಗಾಗಲು ಬಿಡಬೇಕು. ಬಿಸಿ ಪುಡಿಗೆ ಗಾಳಿ ಸೋಕಿದರೆ ಹೊತ್ತಿಕೊಂಡೀತು.

ಆ ವಾರ ಅವಳ ಕೆಲಸ ಕಾಯಂ ಆಗುವುದಿತ್ತು. ಎಷ್ಟು ವರ್ಷದಿಂದ ಬಾಯಿಬಿಟ್ಟುಕೊಂಡು ಕಾದಿದ್ದಳೋ! ಸಹಾಯಕ್ಕೆ ತನ್ನ ಓರಗಿತ್ತಿಯನ್ನೇ ಹೇಳಿಕೇಳಿ ಸೇರಿಸಿಕೊಂಡಿದ್ದಳು. ಇಬ್ಬರದೂ ಒಂದೇ ಮನೆ, ಒಂದೇ ಅಡುಗೆಮನೆ. ಅಲ್ಲಿ ಏನೇ ಮುನಿಸಿದ್ದರೂ ಕೆಲಸದಲ್ಲಿ ಜೋಡಿ.

ಅವತ್ತು ತಡೀರಕ್ಕ ಗೋಡೆಯಾಚೆ ಟ್ರೇ ತೊಳೆಯುತ್ತಿದ್ದಳು. ಅಲ್ಲಿಂದಲೇ ಕೂಗಿದಳು: "ಏ, ಆರಿದ್ಯೇನೇ?"

ಓರಗಿತ್ತಿ ಓವನ್ನಿನ ಗಾಜಿನಲ್ಲಿ ಇಣುಕಿದಳು. ಪುಡಿ ಬೆಳ್ಳಗೆ ಉದುರುದುರಾಗಿತ್ತು.

"ಆರಿದೆ ಅಕ್ಕಾ."

"ಹಾಗಾದ್ರೆ ಗಾಳಿ ಬಿಟ್ಟು ತೆಗಿ."

ತಡೀರಕ್ಕ ಕೇಳಿದ್ದು ಬಿಸಿ ಆರಿದೆಯಾ ಎಂದು. ಓರಗಿತ್ತಿ ಹೇಳಿದ್ದು ತೇವ ಆರಿದೆ ಎಂದು. ಕಾಯಿಸಿದ ಹಾಲೂ ಆರುತ್ತದೆ, ಒಗೆದ ಬಟ್ಟೆಯೂ ಆರುತ್ತದೆ. ಹಾಳಾದ್ದು, ಎರಡಕ್ಕೂ ಒಂದೇ ಮಾತು! ಓರಗಿತ್ತಿ ಗಾಳಿ ಬಿಟ್ಟು ಬಾಗಿಲು ಎಳೆದದ್ದೇ ತಡ, ಭಗ್ಗೆಂದಿತು. ಪುಡಿಯೆಲ್ಲ ಕರಿ. ಓರಗಿತ್ತಿಯ ಬಲಗೈ ಬೆರಳುಗಳು ಸುಟ್ಟವು, ಹುಬ್ಬು ಸೀದುಹೋಯಿತು. ಕಣ್ಣು ಉಳಿದದ್ದೇ ಪುಣ್ಯ.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಮ್ಯಾನೇಜರು ಬಂದರು. "ಯಾರ ತಪ್ಪಿದು? ಅವರು ಇನ್ಮೇಲೆ ಕೆಲಸಕ್ಕೆ ಬರೋದು ಬೇಡ."

ಓರಗಿತ್ತಿಯ ಮೇಲೆ ಹಾಕಿ ಪಾರಾಗು ಎಂದು ನಾನು ಕಣ್ಸನ್ನೆ ಮಾಡಿದೆ. ತಡೀರಕ್ಕ ನನ್ನತ್ತ ತಿರುಗಲೇ ಇಲ್ಲ.

"ತೆಗಿ ಅಂದಿದ್ದು ನಾನು ಸಾರ್. ಅವಳದ್ದೇನೂ ಇಲ್ಲ."

ಮ್ಯಾನೇಜರು ಹೇಳಿದರು: "ಹಳಬರು ಅಂತ ಬಿಡ್ತೀನಿ. ಕಾಯಂ ಮಾತು ಮಾತ್ರ ಮರೆತುಬಿಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ಹೊರಗೆ ಬರುತ್ತಲೇ ಜಾಡಿಸಿದೆ: "ನಿನಗೇನು ತಲೆ ಕೆಟ್ಟಿದ್ಯಾ?"

"ಹೂಂ, ಕೆಟ್ಟಿದೆ! ತಣ್ಣಗಾಯ್ತಾ ಅಂತ ಕೇಳೋಕೆ ನನ್ನ ಬಾಯಿಗೇನು ಬಂದಿತ್ತು?" ಕೈಗವಸು ಕಿತ್ತು ನೆಲಕ್ಕೆ ಬಡಿದಳು.

ಸಂಜೆ ಅವರ ಮನೆಗೆ ಹೋದೆ. ಓರಗಿತ್ತಿ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದಳು. ತಡೀರಕ್ಕ ಅನ್ನ ಕಲಸಿ ತಿನ್ನಿಸುತ್ತಿದ್ದಳು.

"ಅಕ್ಕಾ, ಈ ವಾರ ಕಾಯಂ ಆಗುತ್ತೆ ಅಂದಿದ್ರಲ್ಲ, ಏನಂದ್ರು?"

"ಮಾತಾಡ್ಬೇಡ, ಬಾಯಿ ತೆಗಿ" ಎಂದು ಗದರಿ, ತಡೀರಕ್ಕ ದೊಡ್ಡ ತುತ್ತೊಂದನ್ನು ಅವಳ ಬಾಯಿಗೆ ತುರುಕಿದಳು.