ಸೊಂಟ ನೋವೆಂದು ಹೇಳಿದ ಸುಳ್ಳು

ನಲವತ್ತೇಳನೆಯ ವಯಸ್ಸಿನಲ್ಲಿ ನಾನು ಮತ್ತೆ ಸೈಕಲ್ ಹತ್ತಿದೆ. ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ, ಮೈ ಬೆವರಬೇಕು ಎಂದು ಡಾಕ್ಟರು ಹೇಳಿದ್ದು ಒಂದು ಕಾರಣ. ವಾಕಿಂಗ್ ಎಂದರೆ ನನಗೆ ಬೇಸರ ಎನ್ನುವುದು ಇನ್ನೊಂದು. ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ದಿನಕ್ಕೆ ಐದು ಪೀರಿಯಡ್ ಬೋರ್ಡಿನ ಮುಂದೆ ನಿಂತೇ ಇರುತ್ತೇನೆ. ಬೆಳಿಗ್ಗೆ ಎದ್ದು ಪಾರ್ಕಿನಲ್ಲಿ ಸುತ್ತು ಹಾಕಲು ಕಾಲು ಒಪ್ಪುತ್ತಿರಲಿಲ್ಲ. ಗೇರ್ ಇರುವ ಒಂದು ಸೈಕಲ್ ತಂದು ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ನಿಲ್ಲಿಸಿದೆವು. ನನ್ನ ಗಂಡ ಅದರ ಬೆಲ್ಲು ಬಾರಿಸಿ ನೋಡಿ, "ಎಷ್ಟು ದಿನ ಓಡಿಸ್ತೀಯೋ ನೋಡಾಣ" ಎಂದರು. ಆ ಮಾತು ನನಗೆ ಚುಚ್ಚಿತು. ಮುಂದೆ ನಾನು ಮಾಡಿದ ಹಟಕ್ಕೆ ಅದೂ ಸ್ವಲ್ಪ ಕಾರಣವಿರಬೇಕು.

ಮೊದಲ ಎರಡು ವಾರ ಊರಂಚಿನ ಶಾಮನೂರಿನವರೆಗೆ ಹೋಗಿ ಬಂದೆ. ಅಷ್ಟಕ್ಕೇನೂ ಆಗಲಿಲ್ಲ. ತೊಡೆ ಬಿಗಿಯುತ್ತಿತ್ತು, ಸ್ನಾನ ಮಾಡಿದರೆ ಸರಿಹೋಗುತ್ತಿತ್ತು. ಮೂರನೆಯ ಭಾನುವಾರ ಹರಿಹರಕ್ಕೆ ಹೊರಟೆ. ಅಲ್ಲಿ ಹೊಳೆಯ ಕಡೆಯ ಒಂದು ಓಣಿಯಲ್ಲಿ ನನ್ನ ಅಕ್ಕನ ಮನೆ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಬಸ್ಸಿನಲ್ಲಿ ಹೋದರೆ ನಿದ್ದೆ ಬರುವುದರೊಳಗೆ ಊರು ಬಂದುಬಿಡುತ್ತದೆ. ಸೈಕಲ್ ಮೇಲೆ ಅದೇ ದಾರಿ ಬೇರೆ. ಅರ್ಧ ದಾರಿಯಲ್ಲಿ, ಎರಡೂ ಕಡೆ ಭತ್ತದ ಗದ್ದೆ ಇರುವ ಕಡೆ, ಕೂತ ಜಾಗ ಉರಿಯಲು ಶುರುವಾಯಿತು. ಆಮೇಲೆ ಉರಿಯೂ ಹೋಗಿ, ಅಲ್ಲಿ ಏನೂ ಇಲ್ಲವೇ ಇಲ್ಲ ಎನ್ನುವಂತೆ ಮರಗಟ್ಟಿತು. ಇಳಿದು ನಿಂತರೆ ಸಾವಿರ ಇರುವೆ ಒಟ್ಟಿಗೆ ಹರಿದ ಹಾಗಾಯಿತು. ಮತ್ತೆ ಹತ್ತಿದೆ.

ಅಕ್ಕ ಚಹಾ ಕೊಟ್ಟು ಎದುರಿಗೆ ಕೂತಳು. ನನ್ನನ್ನೇ ನೋಡಿದಳು.

"ಯಾಕ ಹಂಗ ಒಂದ್ ಕಡೆ ವಾಲ್ಕೊಂಡು ಕುಂತೀಯ?"

"ಸೊಂಟ ಹಿಡ್ದೈತೆ ಅಕ್ಕ."

ಆ ಸುಳ್ಳು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. ಸೊಂಟ ಎಲ್ಲರಿಗೂ ಇರುತ್ತದೆ, ಎಲ್ಲರಿಗೂ ಹಿಡಿಯುತ್ತದೆ, ಎಲ್ಲರೆದುರೂ ಹೇಳಬಹುದು.

ಮುಂದಿನ ವಾರ ಸೀಟಿನ ಮೇಲೆ ಹಾಕುವ ಮೆತ್ತನೆಯ ಕವರು ತಂದೆ. ಅದರ ಕೆಳಗೆ ಹಳೆಯ ದಿಂಬಿನ ಸ್ಪಂಜನ್ನು ಕತ್ತರಿಸಿ ತುಂಬಿದೆ. ಕೈಯಿಂದ ಒತ್ತಿದರೆ ಹೂವಿನ ಹಾಗಿತ್ತು. ಕೂತು ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ನಾನು ಆ ಮೆತ್ತೆಯೊಳಗೆ ಹೂತುಹೋಗಿ, ಅದರ ನಡುಭಾಗವೆಲ್ಲ ಎದ್ದು ಬಂದು, ಒತ್ತಬಾರದ ಕಡೆಯೇ ಒತ್ತತೊಡಗಿತು. ಮೆತ್ತಗೆ ಮಾಡಿದಷ್ಟೂ ನೋವು ಹೆಚ್ಚಾಗುವುದು ನನ್ನ ಲೆಕ್ಕಕ್ಕೆ ಸಿಗಲಿಲ್ಲ.

ಕೆ.ಬಿ. ಬಡಾವಣೆಯ ಸೈಕಲ್ ಅಂಗಡಿಗೆ ಹೋದೆ. ಅಂಗಡಿಯವರು ಐವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಸೈಕಲ್ಲಿನ ಸುತ್ತ ಒಂದು ಸುತ್ತು ಬಂದು ಕೇಳಿದರು, "ಎಲ್ಲಿ ನೋಯ್ತೈತ್ರಿ ಮೇಡಂ?"

"ಸೊಂಟ" ಎಂದೆ.

ಅವರು ಶ್ರದ್ಧೆಯಿಂದ ಹ್ಯಾಂಡಲ್ ಎತ್ತರಿಸಿ ಹತ್ತಿರಕ್ಕೆ ತಂದರು. ಬಗ್ಗುವುದು ತಪ್ಪಿದರೆ ಸೊಂಟಕ್ಕೆ ಆರಾಮ ಎಂದು ತಿಳಿಸಿ ಹೇಳಿದರು. ನಿಜವೇ. ಆದರೆ ನೆಟ್ಟಗೆ ಕೂತಿದ್ದರಿಂದ ಕೈಯ ಮೇಲೆ ಬೀಳುತ್ತಿದ್ದ ಭಾರವೂ ಸೀಟಿನ ಮೇಲೆಯೇ ಬಂತು. ಇಲ್ಲದ ರೋಗಕ್ಕೆ ಔಷಧ ಮಾಡಿಸಿಕೊಂಡು, ಇದ್ದ ರೋಗವನ್ನು ಹೆಚ್ಚು ಮಾಡಿಕೊಂಡೆ. ತೊಡೆಯ ಸಂದಿನಲ್ಲಿ ಚರ್ಮ ಕಿತ್ತು ಬಂತು, ಒಂದು ಕುರು ಎದ್ದಿತು. ಸ್ಟಾಫ್ ರೂಮಿನಲ್ಲಿ ಕುರ್ಚಿಯ ತುದಿಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದೆ.

ಗಂಡನಿಗಾದರೂ ಹೇಳಬಹುದಿತ್ತು. ಇಪ್ಪತ್ತಮೂರು ವರ್ಷ ಜೊತೆಗಿದ್ದೇವೆ. ನನ್ನ ಎರಡು ಬಾಣಂತನ ನೋಡಿದವರು. ಆದರೆ ಹೇಳಿದ್ದರೆ "ಹಂಗಾರ ಬಿಟ್ಬಿಡು" ಎನ್ನುತ್ತಿದ್ದರು. ಆ ಒಂದು ಮಾತಿಗೆ ಹೆದರಿ ಸುಮ್ಮನಿದ್ದೆ. ನಾಚಿಕೆ ಅರ್ಧ, ಹಮ್ಮು ಅರ್ಧ. ಈಗ ಯೋಚಿಸಿದರೆ ಹಮ್ಮೇ ಒಂದು ತೂಕ ಹೆಚ್ಚಿತ್ತು.

ಆ ಕುರು ಇಟ್ಟುಕೊಂಡೇ ಮತ್ತೊಂದು ಭಾನುವಾರ ಹರಿಹರಕ್ಕೆ ಹೋದೆ. ಅಕ್ಕನ ಮನೆ ತಲುಪಿ ನೇರ ಬಚ್ಚಲಿಗೆ ಹೋಗಿ ನೀರು ಹಾಕಿಕೊಂಡೆ. ನೀರು ತಾಗಿದ್ದೇ ತಡ ನನಗೆ ಗೊತ್ತಿಲ್ಲದೆ ಕೂಗಿಬಿಟ್ಟೆ. ಅಕ್ಕ ಬಾಗಿಲು ಬಡಿದಳು.

"ಏನಾತು? ಬಿದ್ಯೇನು?"

ಸೀರೆಯ ಸರಭರ ಕೇಳಿಸಿತು. ಬಾಗಿಲ ಹೊರಗೇ ನಿಂತಿದ್ದಳು.

"ಸೊಂಟ ಅಲ್ಲ ಅದು, ಹೌದಲ್ಲ?" ಎಂದಳು.

ಮುಚ್ಚಿದ ಬಾಗಿಲು ನಡುವೆ ಇದ್ದದ್ದರಿಂದಲೋ ಏನೋ, ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ, ಬೈಯಲಿಲ್ಲ. ಹೊರಗೆ ಬಂದ ಮೇಲೆ ಕೊಬ್ಬರಿ ಎಣ್ಣೆಯ ಬಟ್ಟಲು ಕೈಗೆ ಕೊಟ್ಟು, "ಅಪ್ಪಗೂ ಹಿಂಗೇ ಆಗ್ತಿತ್ತು" ಎಂದಳು.

ನಮ್ಮಪ್ಪ ದಾವಣಗೆರೆಯಿಂದ ಹರಿಹರದ ಒಂದು ಕಾರ್ಖಾನೆಗೆ ದಿನಾ ಸೈಕಲ್ ತುಳಿದು ಹೋಗಿ ಬರುತ್ತಿದ್ದವನು. ಕಬ್ಬಿಣದಂಥ ಚರ್ಮದ ಸೀಟು. ಸಂಜೆ ಬಂದವನು ಚಹಾವನ್ನು ಯಾವಾಗಲೂ ಬಾಗಿಲ ಚೌಕಟ್ಟಿಗೆ ಒರಗಿ ನಿಂತೇ ಕುಡಿಯುತ್ತಿದ್ದ. ಅದು ಅವನ ಗತ್ತು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಮಕ್ಕಳಿಗೆ ಅಪ್ಪನ ಕಥೆ ಹೇಳುವಾಗಲೂ ಹಾಗೆಯೇ ಹೇಳುತ್ತಿದ್ದೆ: ಏನನ್ನೂ ಬಾಯಿಬಿಟ್ಟು ಹೇಳದೆ, ಎಲ್ಲ ನುಂಗಿಕೊಂಡು ದುಡಿದವನು ಎಂದು.

"ಅವ್ವ ಅವನ ಚಡ್ಡಿಗೆ ಒಳಗಿಂದ ಹಳೇ ಪಂಚೆ ಬಟ್ಟೆ ಎರಡು ಪದರ ಹೊಲೀತಿದ್ಲು" ಎಂದಳು ಅಕ್ಕ. "ನೀ ಸಣ್ಣಾಕಿ, ನಿಂಗೆ ನೆನಪಿಲ್ಲ. ಸೂಜಿಗೆ ದಾರ ಪೋಣಿಸಿ ಕೊಡೋಳು ನಾನೇ."

"ಅಪ್ಪ ಅದನ್ನೆಲ್ಲ ಯಾರಿಗೂ ಹೇಳ್ದಂಗೇ ಇದ್ದ ಅನ್ಕಂಡಿದ್ದೆ."

"ಅವ್ವಗೆ ಹೇಳಿದ್ದ. ಹೇಳ್ದೇ ಇದ್ರೆ ಅಕಿ ಎಲ್ಲಿ ಅಂತ ಹೊಲೀತಿದ್ಲು?"

ಎಣ್ಣೆಯ ಬಟ್ಟಲು ಹಿಡಿದುಕೊಂಡು ನಾನು ಮತ್ತೆ ಬಚ್ಚಲಿಗೆ ಹೋದೆ.

ಅಂದು ಸೈಕಲ್ಲನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ಊರಿಗೆ ಬಂದೆ. ಗಂಡನಿಗೂ ಹೇಳಿದೆ. ಅವರು "ಬಿಟ್ಬಿಡು" ಎನ್ನಲಿಲ್ಲ, "ಇದನ್ನ ಯಾಕ ಮುಚ್ಚಿಟ್ಟಿದ್ದಿ?" ಎಂದು ಕೇಳಿದರು. ಮರುದಿನ ಲೇಡಿ ಡಾಕ್ಟರು ನೋಡಿ ಮಾತ್ರೆ, ಮುಲಾಮು ಕೊಟ್ಟು, ಎರಡು ವಾರ ಸೈಕಲ್ ಮುಟ್ಟಬೇಡಿ ಎಂದರು.

ಗಾಯ ಮಾಗಿದ ಮೇಲೆ ಅಕ್ಕನೇ ಬಸ್ಸು ಹತ್ತಿ ಬಂದು ನನ್ನ ಜೊತೆ ಸೈಕಲ್ ಅಂಗಡಿಗೆ ಹೊರಟಳು. ಎಸ್ಸೆಸ್ಸೆಲ್ಸಿವರೆಗಷ್ಟೇ ಓದಿದವಳು, ಆದರೂ ಯಾವ ಅಂಗಡಿಯಲ್ಲೂ ದನಿ ತಗ್ಗಿಸಿದವಳಲ್ಲ.

"ಅಣ್ಣಾರೆ, ಇಕಿಗೆ ನೋಯೋದು ಸೊಂಟ ಅಲ್ರಿ. ಕೂತ್ಕಳೋ ಜಾಗ. ಹಿಂದೂ ನೋಯ್ತೈತೆ, ಮುಂದೂ ನೋಯ್ತೈತೆ. ಚರ್ಮ ಕಿತ್ತೋಗಿತ್ತು."

ನಾನು ಎದುರಿನ ಗೋಡೆಗೆ ತೂಗುಹಾಕಿದ್ದ ಟೈರುಗಳನ್ನು ನೋಡುತ್ತಾ ನಿಂತೆ. ಅಂಗಡಿಯವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಕೈ ಒರೆಸಿಕೊಂಡರು.

"ಅವತ್ತೇ ಹೇಳಿದ್ರೆ ಹ್ಯಾಂಡಲ್ ಮುಟ್ತಾನೇ ಇರ್ಲಿಲ್ಲ ಮೇಡಂ. ನೀವು ಸೊಂಟ ಅಂದ್ರಿ, ನಾನು ಸೊಂಟಕ್ಕೆ ಮಾಡ್ದೆ" ಎಂದರು. ದೂರುವ ದನಿಯಲ್ಲಲ್ಲ, ಬೇಸರದಲ್ಲಿ.

ಆಮೇಲೆ ಅವರು ಮಾಡಿದ್ದನ್ನು ನಾನು ಊಹಿಸಿರಲಿಲ್ಲ. ಹೊಸ ಸೈಕಲ್ ಬಂದ ಪೆಟ್ಟಿಗೆಯ ಒಂದು ರಟ್ಟು ಕತ್ತರಿಸಿ ಗಟ್ಟಿ ಸ್ಟೂಲಿನ ಮೇಲೆ ಹಾಸಿ, "ಇದ್ರ ಮೇಲೆ ಕೂತು, ಸ್ವಲ್ಪ ಮುಂದಕ್ಕೆ ಬಗ್ಗಿ, ಒಂದ್ ನಿಮಿಷ ಬಿಟ್ಟು ಏಳ್ರಿ" ಎಂದು ಹೇಳಿ, ಬೆನ್ನು ತಿರುಗಿಸಿ ರಸ್ತೆ ನೋಡುತ್ತಾ ನಿಂತರು. ಎದ್ದಾಗ ರಟ್ಟಿನ ಮೇಲೆ ಎರಡು ಗುಳಿ ಬಿದ್ದಿದ್ದವು. ಅವೆರಡರ ನಡುವಿನ ಅಂತರವನ್ನು ಅಳತೆಪಟ್ಟಿಯಲ್ಲಿ ಅಳೆದರು.

"ಭಾರ ಹೊರ್ಬೇಕಾಗಿದ್ದು ಕೂತಾಗ ಕೆಳಗೆ ತಾಗೋ ಈ ಎರಡು ಎಲುಬು. ನಿಮ್ ಸೀಟು ಇದಕ್ಕಿಂತ ಸಣ್ಣದೈತೆ. ಎಲುಬು ಹೊರಗುಳಿದು, ನಡುವಿನ ಮೆತ್ತನೆ ಜಾಗ ಎಲ್ಲ ಭಾರ ಹೊತ್ತೈತೆ. ಮೇಲಿಂದ ಸ್ಪಂಜು ಬೇರೆ ಹಾಕೀರಿ."

ಎರಡು ಬಿಂದುಗಳ ನಡುವಿನ ದೂರ ಕಂಡುಹಿಡಿಯುವುದನ್ನು ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತಿದ್ದೇನೆ. ನನ್ನ ಮೈಯಲ್ಲೇ ಅಂಥ ಎರಡು ಬಿಂದುಗಳಿವೆ ಎಂದು ಯಾರೂ ಹೇಳಿರಲಿಲ್ಲ.

ಹಿಂಭಾಗ ಅಗಲವಾಗಿದ್ದು ನಡುವೆ ತಗ್ಗು ಬಿಟ್ಟಿದ್ದ, ನೋಡಲು ಗಟ್ಟಿಯಾದ ಸೀಟೊಂದನ್ನು ಕೂರಿಸಿದರು. ಹಳೆಯದರ ಮೂತಿ ಮೇಲಕ್ಕೆ ಎದ್ದಿತ್ತು. ಇದನ್ನು ಸಮತಟ್ಟಾಗಿ ಇಟ್ಟರು. ಪೆಡಲ್ ಮುಟ್ಟಲು ನಾನು ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದೆನಂತೆ, ಚರ್ಮ ಕಿತ್ತದ್ದು ಆ ತಿಕ್ಕಾಟಕ್ಕೆ. ಸೀಟನ್ನು ಎರಡು ಬೆರಳು ಇಳಿಸಿದರು, ಹ್ಯಾಂಡಲ್ಲನ್ನೂ ಇಳಿಸಿದರು. ಕೊನೆಗೆ, "ಬಟ್ಟೆ ವಿಷ್ಯ ನಮ್ ಮನೆಯವ್ರು ಹೇಳ್ತಾರೆ" ಎಂದು ಮೇಲಿನ ಮನೆಯಿಂದ ಹೆಂಡತಿಯನ್ನು ಕರೆದರು. ಆಕೆ ಒಳಗೆ ಮೆತ್ತೆ ಹೊಲಿದಿದ್ದ ಸೈಕಲ್ ಚಡ್ಡಿಯನ್ನು ತೋರಿಸಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು: "ಇದ್ರ ಒಳಗೆ ಮತ್ತೇನೂ ಹಾಕ್ಬ್ಯಾಡ್ರಿ. ಹೊಲಿಗೆ ಒತ್ತಿದ್ರೆ ಗಾಯ ಆಗ್ತೈತೆ. ಮೇಲೆ ಚೂಡಿದಾರ ಹಾಕ್ಕಳ್ರಿ, ಯಾರಿಗೂ ಕಾಣಲ್ಲ. ಮನೆಗೆ ಬಂದ ಕೂಡ್ಲೇ ಬಿಚ್ಚಿ ಒಗೀರಿ."

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದರೆ ಅದೂ ಸುಳ್ಳಾಗುತ್ತದೆ. ಹೊಸ ಸೀಟಿಗೆ ಎಲುಬು ಒಗ್ಗಲು ಮೂರು ವಾರ ಬೇಕಾಯಿತು. ಅಷ್ಟು ದಿನ ಶಾಮನೂರಿನಿಂದ ಮುಂದೆ ಹೋಗಲಿಲ್ಲ. ಈಗ ಹರಿಹರಕ್ಕೆ ಹೋಗುವಾಗ ಸ್ವಲ್ಪ ದೂರಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಮೈಗೆ ಗಾಳಿ ಬಿಡುತ್ತೇನೆ. ಬಿಸಿಲು ಹೆಚ್ಚಿದ್ದರೆ ಇನ್ನೂ ಉರಿಯುತ್ತದೆ. ಉರಿದರೆ ಇಳಿಯುತ್ತೇನೆ. ಸಕ್ಕರೆ ಸ್ವಲ್ಪ ಇಳಿದಿದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರು, "ನಡುವೆ ಸೈಕಲ್ ಬಿಟ್ಟಿದ್ರಲ್ಲ ಮೇಡಂ, ಯಾಕೆ?" ಎಂದು ಕೇಳಿದರು. ಸೊಂಟ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಸೀಟು ಒತ್ತಿ ಗಾಯ ಆಗಿತ್ತು. ಕೂರಕ್ಕೇ ಆಗ್ತಿರ್ಲಿಲ್ಲ" ಎಂದೆ. ಅವರು ಯಾವ ಸೀಟು ಹಾಕಿಸಿದಿರಿ ಎಂದು ಕೇಳಿದರು, ಹೇಳಿದೆ. ಅಷ್ಟೇ ಆಗಿದ್ದು. ಆಕಾಶವೇನೂ ಕಳಚಿ ಬೀಳಲಿಲ್ಲ.

ಮಧ್ಯಾಹ್ನ ನಲ್ಲಿಯ ಹತ್ತಿರ ಡಬ್ಬಿ ತೊಳೆಯುತ್ತಿದ್ದಾಗ ನಮ್ಮ ಕನ್ನಡದ ಮೇಡಂ ಬಂದು ಪಕ್ಕದಲ್ಲಿ ನಿಂತರು. ನಿವೃತ್ತಿಗೆ ಎರಡು ವರ್ಷ ಇದ್ದವರು, ತೀರಾ ಅಚ್ಚುಕಟ್ಟು. ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ ಹೇಳಿದರು.

"ನೀವು ಎಲ್ರ ಮುಂದೆ ಹೆಂಗೆ ಹೇಳಿದ್ರಿ ಅಂತ ಯೋಚ್ನೆ ಮಾಡ್ತಿದ್ದೆ. ನನಗೂ ಒಂದೈತ್ರಿ. ಕೆಮ್ಮಿದ್ರೆ, ನಕ್ರೆ, ಮೂತ್ರ ನಿಲ್ಲಲ್ಲ. ಹತ್ತು ವರ್ಷಾತು."

ಶಾಲೆಯ ಪ್ರವಾಸಕ್ಕೆ ಅವರು ಎಂದೂ ಬರದಿದ್ದದ್ದು, ಸಭೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕುತ್ತಿದ್ದದ್ದು ಆಗ ಅರ್ಥವಾಯಿತು. ಜಂಬ ಎಂದು ನಾವೆಲ್ಲ ಮಾತಾಡಿಕೊಂಡಿದ್ದೆವು, ನಾನೂ ಮಾತಾಡಿದ್ದೆ.

ಶನಿವಾರ ಶಾಲೆ ಬಿಟ್ಟ ಮೇಲೆ ಅವರನ್ನು ಅದೇ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂತಷ್ಟು ಹೊತ್ತೂ ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸುತ್ತಿದ್ದರು. ಹೆಸರು ಕರೆದಾಗ ನಾನೂ ಎದ್ದೆ.

"ನಾನೂ ಬರ್ಲೇನ್ರಿ ಒಳಗೆ?"

"ಬ್ಯಾಡ್ರಿ. ನೀವು ಕೂಡ್ರಿ. ನಾನೇ ಹೇಳ್ತೀನಿ" ಎಂದು ತಮ್ಮ ಬ್ಯಾಗನ್ನು ನನ್ನ ಮಡಿಲಲ್ಲಿಟ್ಟು ಒಳಗೆ ಹೋದರು.