ಪೂರ್ವಕ್ಕೆ ಉಕ್ಕಿದ ಹಾಲು

ಇವತ್ತು ಬೆಳಿಗ್ಗೆ, ನಾವು ನೆಲೆಸಿರುವ ಪರದೇಶದ ಊರು ನ್ಯೂ ಲಿನ್‌ನ ನಮ್ಮ ಅಡುಗೆಮನೆಯಲ್ಲಿ ಹಾಲು ಉಕ್ಕಿ ಸೀದುಹೋಯಿತು. "ಸ್ಮೋಕ್ ಅಲಾರ್ಮ್, ಅಪ್ಪಾ!" ಎಂದು ಕೂಗುತ್ತ ಮಗಳು ಕಿಟಕಿ ತೆರೆದಳು. ಆ ವಾಸನೆಗೆ ನೆನಪಾದದ್ದು ಈ ದೇಶದ ದಕ್ಷಿಣ ದ್ವೀಪದ ಬೆಟ್ಟಗಳ ನಡುವೆ ಪ್ರವಾಸಿಗರಿಗೆಂದು ಉಳಿಸಿಟ್ಟ ಒಂದು ಹಳೆಯ ಮಣ್ಣಿನ ಮನೆ, ಅದನ್ನು ನೋಡಿಕೊಳ್ಳುತ್ತಿದ್ದ ಅಲ್ಲಿಯ ಅಜ್ಜಿ...

ಮಗಳು ಆಗ ಕೈಗೂಸು. ನಾನು ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ. ರಜೆಗೆಂದು ಹೋದವರು ಕಣಿವೆಯ ತುದಿಯಲ್ಲಿ ಕಾರು ನಿಲ್ಲಿಸಿದೆವು. ಮೂರು ಕಡೆ ಹಿಮ ಹೊತ್ತ ಬೆಟ್ಟ. ಅವುಗಳ ಬುಡದಲ್ಲಿ ಆ ಮನೆ ಯಾರೋ ಮರೆತು ಹೋದ ಪೆಟ್ಟಿಗೆಯಷ್ಟು ಚಿಕ್ಕದಾಗಿ ಕಂಡಿತು. ಹಿಂದೊಮ್ಮೆ ಕುರಿ ಹೊಡೆದುಕೊಂಡು ವಲಸೆ ಬಂದ ಕುಟುಂಬ, ಮರ ಸಿಗದ ಜಾಗದಲ್ಲಿ, ಕಾಲಡಿಯ ಮಣ್ಣನ್ನೇ ಹುಲ್ಲಿನೊಂದಿಗೆ ತುಳಿದು ಅದನ್ನು ಕಟ್ಟಿತ್ತು. ಒಳಗೆ ಕಾಲಿಟ್ಟಾಗ ನನ್ನ ದನಿ ತಾನಾಗಿಯೇ ತಗ್ಗಿತ್ತು. ಹೆಂಡತಿ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟಿದ್ದಳು.

ಒಲೆಯ ಪಕ್ಕದ ಗೋಡೆಯಲ್ಲಿ ಹಸಿಮಣ್ಣಿಗೆ ಒತ್ತಿದ ಬೆರಳುಗಳ ಗುರುತಿತ್ತು.

"ಮಗುವಿನದಾ?" ಎಂದು ಕೇಳಿದೆ.

"ಚಿಕ್ಕ ಕೈ. ಅಷ್ಟೇ ಗೊತ್ತು," ಎಂದರು ಅಜ್ಜಿ. "ಮಗುವಿನದು ಅಂದರೆ ಕೇಳೋರಿಗೆಲ್ಲ ಇಷ್ಟ ಆಗುತ್ತೆ. ಆದರೆ ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಹೇಳಬೇಕು."

ನನ್ನ ಸಂಪಾದಕರೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಅಂದು ಅಜ್ಜಿ ತಳಮಳದಲ್ಲಿದ್ದರು. ಹೊಗೆ ಒಳಕ್ಕೇ ತಿರುಗುತ್ತದೆಂದು ಆ ಒಲೆಯನ್ನು ಎಷ್ಟೋ ವರ್ಷಗಳಿಂದ ಹಚ್ಚಿರಲಿಲ್ಲ. ಬೆಂಕಿಯಿಲ್ಲದೆ ಗೋಡೆಗಳು ತೇವ ಹೀರಿ ಉದುರತೊಡಗಿದ್ದವು. ಅವರ ಒತ್ತಾಯಕ್ಕೆ ಮನೆಯ ಸಮಿತಿಯವರು ಚಿಮಣಿ ರಿಪೇರಿ ಮಾಡಿಸಿದ್ದರು. ಈ ಸಲವೂ ಹೊಗೆ ಒಳಗೆ ಬಂದರೆ ಚಿಮಣಿಯನ್ನು ಶಾಶ್ವತವಾಗಿ ಮುಚ್ಚುವುದೆಂದು ತೀರ್ಮಾನವಾಗಿತ್ತು. ಪರೀಕ್ಷೆ ಅಂದೇ. ನೋಡಿ ಸಮಿತಿಗೆ ವರದಿ ಹೇಳಬೇಕಾದವರೂ ಅಜ್ಜಿಯೇ.

"ಹೊಗೆ ಬಂದರೆ ಬಂತು ಅಂತ ಹೇಳಿಬಿಡ್ತೀನಿ," ಎಂದು ಕಡ್ಡಿ ಗೀರಿದರು.

ಮೊದಲು ಹೊಗೆ ನಮ್ಮ ಕಡೆಗೇ ಬಂತು. ಅಜ್ಜಿ ಕಣ್ಣು ಒರೆಸಿಕೊಳ್ಳದೆ ನಿಂತರು. ಆಮೇಲೆ ಎಲ್ಲಿಂದಲೋ ಉಸಿರೆಳೆದಂಥ ಸದ್ದು... ಹೊಗೆ ಬಾಗಿತು, ತಿರುಗಿತು, ಒಂದೇ ಸಮನೆ ಮೇಲಕ್ಕೆ ಹೋಯಿತು. ಮೂವರೂ ಹೊರಗೆ ಓಡಿದೆವು. ಆ ಅಗಾಧ ಬೆಟ್ಟಗಳ ಎದುರು ಒಂದು ನೀಲಿ ಎಳೆ ನೆಟ್ಟಗೆ ಏರುತ್ತಿತ್ತು.

ಹುಬ್ಬಳ್ಳಿಯವಳಾದ ನನ್ನ ಹೆಂಡತಿಗೆ ಅಷ್ಟಕ್ಕೇ ಬಿಡುವ ಮನಸ್ಸಿರಲಿಲ್ಲ. ಕೂಸಿಗೆಂದು ತಂದಿದ್ದ ಹಾಲನ್ನು, ನನ್ನಿಂದ ಅಜ್ಜಿಯ ಅನುಮತಿ ಕೇಳಿಸಿ, ಅವರ ಚಹಾದ ಪಾತ್ರೆಗೆ ಸುರಿದು ಬೆಂಕಿಯ ಮೇಲಿಟ್ಟಳು. ಹಾಲು ಏರಿತು. ಇನ್ನೇನು ಉಕ್ಕಬೇಕು, ಅಜ್ಜಿ ಹಾರಿ ಬಂದು ಪಾತ್ರೆ ಎತ್ತಿಬಿಟ್ಟರು.

"ಸದ್ಯ, ಉಳೀತು!"

"ಅಯ್ಯ, ಇಳಿಸೇಬಿಟ್ರಲ್ರೀ!" ಹೆಂಡತಿಯ ಮುಖ ಸಪ್ಪಗಾಯಿತು. "ರೀ, ಹೊಸಾ ಒಲಿ ಮ್ಯಾಲೆ ಹಾಲು ಉಕ್ಕಬೇಕು ಅಂತ ಹೇಳ್ರಿ ಅವರಿಗೆ. ಸುಮ್ನ ನಿಂತೀರಲ್ಲ!"

ಹೇಳಿದೆ. ಅಜ್ಜಿ ಹಸು ಸಾಕುವವರ ಮನೆಯಲ್ಲಿ ಬೆಳೆದವರು. "ಬೇಕಂತಲೇ ಚೆಲ್ಲೋದಾ? ನಮ್ಮಪ್ಪ ಇದ್ದಿದ್ದರೆ ನಿಮ್ಮನ್ನ ಕಣಿವೆ ದಾಟಿಸ್ತಿದ್ದ," ಎಂದು ನಕ್ಕರು. ಪಾತ್ರೆ ಹಿಡಿದೇ ಕೇಳಿದರು: "ಯಾವ ಕಡೆಗೆ ಉಕ್ಕಬೇಕು?"

"ಪೂರ್ವಕ್ಕ ಉಕ್ಕಿದ್ರ ಚಲೋ," ಎಂದಳು ಹೆಂಡತಿ. ತಿಳಿಸಿದೆ.

ಅಜ್ಜಿ ಕಿಟಕಿಯಾಚೆ ಸೂರ್ಯ ಹುಟ್ಟುವ ಬೆಟ್ಟವನ್ನೊಮ್ಮೆ ನೋಡಿ, ಪಾತ್ರೆಯನ್ನು ಅತ್ತ ವಾಲಿಸಿ ಇಟ್ಟರು. ಹಾಲು ಆ ಕಡೆಗೇ ಉಕ್ಕಿ ಒಲೆಯ ಕಲ್ಲಿನ ಮೇಲೆ ಚುರ್ರೆಂದಿತು. ಅದೇ ಸೀದ ವಾಸನೆ.

ಮುಂದೆ ಮೈಯಲ್ಲಿ ಶಕ್ತಿ ಇರುವವರೆಗೂ ಅವರು ವಾರಕ್ಕೊಮ್ಮೆ ಆ ಒಲೆ ಹಚ್ಚಿದರಂತೆ. ಕಲ್ಲಿನ ಮೇಲಿನ ಕಲೆ ಉಜ್ಜಲು ಯಾರಿಗೂ ಬಿಡಲಿಲ್ಲವಂತೆ.

ಕಳೆದ ಬೇಸಿಗೆಯಲ್ಲಿ ಮತ್ತೆ ಹೋದಾಗ ಅವರಿರಲಿಲ್ಲ. ತೀರಿಕೊಂಡರೆಂದು ತಿಳಿದದ್ದೇ ಅಲ್ಲಿ. ಗೋಡೆಯಲ್ಲಿ ವಿದ್ಯುತ್ ಹೀಟರ್ ಕೂತಿತ್ತು, ಒಲೆ ತಣ್ಣಗಿತ್ತು. ಗೋಡೆಗಳು ಮಾತ್ರ ಒಂದು ಚೂರೂ ಉದುರದೆ ನಿಂತಿದ್ದವು. ನಾನು ಮತ್ತೆ ದನಿ ತಗ್ಗಿಸಿದೆ. ಹೊಸ ಮೇಲ್ವಿಚಾರಕರು ಪ್ರವಾಸಿಗರಿಗೆ ಕಲೆ ತೋರಿಸಿ, "ಈ ಮನೆಯ ಮೊದಲ ಒಡತಿ ಚೆಲ್ಲಿದ ಹಾಲು," ಎನ್ನುತ್ತಿದ್ದರು. ಎಲ್ಲರೂ ಬಗ್ಗಿ ನೋಡಿದರು. ಕೇಳಲು ಚೆನ್ನಾಗಿತ್ತು. ಪ್ರವಾಸಿಗರು ಹೋದ ಮೇಲೆ ಅವರಿಗೆ ನಿಜವಾಗಿ ನಡೆದದ್ದನ್ನು ಹೇಳಿದೆ. ಅಜ್ಜಿ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು.

"ಹಾಗಾದರೆ ಇದು ಆ ಕಾಲದ್ದಲ್ಲ," ಎಂದರು ಮೇಲ್ವಿಚಾರಕರು. "ತೊಳೆಸಿಬಿಡಬಹುದು."

ಹೆಂಡತಿ ನನ್ನ ಮುಖ ನೋಡಿದಳು. ತೊಳೆಸಿದರೋ ಇಲ್ಲವೋ, ಗೊತ್ತಿಲ್ಲ.

ಇವತ್ತು ಒಲೆ ಒರೆಸಲು ಬಟ್ಟೆ ಹಿಡಿದ ಹೆಂಡತಿ ಮೊದಲು ಕಲೆಯತ್ತ ಬಗ್ಗಿ ನೋಡಿದಳು. "ಯಾವ ಕಡೆಗೆ ಉಕ್ಕೇತ್ರೀ?" ಎಂದಳು. ನಾನು ನೋಡಿರಲಿಲ್ಲ. ಆಮೇಲೆ ಒರೆಸಿದಳು.