ನೀರು ಕೊಟ್ಟ ಗೆರಟೆ

ಜನ ತಮ್ಮ ಗುರುತನ್ನು ಯಾವಾಗ ಹೇಳಿಕೊಳ್ಳುತ್ತಾರೆ, ಯಾವಾಗ ನುಂಗಿಕೊಳ್ಳುತ್ತಾರೆ ಎಂಬುದನ್ನು ಪುತ್ತೂರಿನ ಕಾಲೇಜಿನಲ್ಲಿ ಇಪ್ಪತ್ತೈದು ವರ್ಷ ಪಾಠ ಮಾಡಿದೆ. ಅದರ ಮೇಲೆಯೇ ಎರಡು ಪುಸ್ತಕ ಬರೆದೆ, ಸಭೆಗಳಲ್ಲಿ ಶಾಲು ಹೊದಿಸಿಕೊಂಡೆ. ನನ್ನ ಗುರುತಿನ ವಿಷಯ ಬಂದಾಗ ಮಾತ್ರ ನಾನು ಶುದ್ಧ ಪುಕ್ಕಲ.

ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು; ಮನೆಮಾತೂ ಬ್ಯಾರಿಯೇ. ಆದರೆ ಸುಳ್ಯದ ಶಾಲೆಯಲ್ಲಿ ಓದಿದ್ದರಿಂದ ಅರೆಭಾಷೆ ನಾಲಿಗೆಗೆ ಹತ್ತಿಬಿಟ್ಟಿದೆ. ಅದನ್ನು ಮನೆಯಲ್ಲಿ ಆಡುವ ಗೌಡರೇ ನನ್ನನ್ನು ತಮ್ಮವನೆಂದುಕೊಳ್ಳುತ್ತಾರೆ.

ಮೂರನೆಯ ಪುಸ್ತಕಕ್ಕಾಗಿ ಕಡಬದ ಹತ್ತಿರ ಗೌಡರ ಮನೆಯ ಅಜ್ಜಿಯೊಬ್ಬರ ಮಾತನ್ನು ಮೊಬೈಲಿನಲ್ಲಿ ದಾಖಲಿಸಲು ಹೋಗುತ್ತಿದ್ದೆ. ಎಂಬತ್ತು ದಾಟಿದ್ದರೂ ಅವರ ನೆನಪು ಮಾಸಿರಲಿಲ್ಲ. ಮೊದಲ ದಿನವೇ ಅರೆಭಾಷೆಯಲ್ಲಿ ಮಾತಿಗಿಳಿದೆ. ಅವರು ಹೆಸರು ಕೇಳಲಿಲ್ಲ, 'ಮಾಸ್ಟ್ರು' ಎಂದರು. ನನಗೂ ಅಷ್ಟೇ ಬೇಕಿತ್ತು. ನಾಲ್ಕು ಸಲ ಅವರ ಅಡುಗೆಮನೆಯಲ್ಲೇ ಕೂತು ಉಂಡೆ.

ಐದನೆಯ ಸಲ ಅಜ್ಜಿ ದನಿ ತಗ್ಗಿಸಿದರು. ಅವರು ಚಿಕ್ಕವರಿದ್ದಾಗ, ಒಣಮೀನು ತರುತ್ತಿದ್ದ ಬ್ಯಾರಿಗೆ ನೀರು ಕೊಡಲು ಅಂಗಳದ ಮೂಲೆಯಲ್ಲಿ ಬೇರೆಯೇ ಒಂದು ತೆಂಗಿನ ಗೆರಟೆ ಇರುತ್ತಿತ್ತಂತೆ. ನೀರು ಹೊಯ್ಯುವ ಕೆಲಸ ಇವರದು. ಒಮ್ಮೆ ಮನೆಯ ಲೋಟದಲ್ಲಿ ಕೊಟ್ಟದ್ದಕ್ಕೆ ಪೆಟ್ಟು ತಿಂದರಂತೆ. ಹೇಳುತ್ತ ಕಣ್ಣೊರೆಸಿಕೊಂಡರು. ನನ್ನ ಕೈಯಲ್ಲಿ ಅವರದೇ ಮನೆಯ ಸ್ಟೀಲ್ ಲೋಟವಿತ್ತು.

ಅದನ್ನು ಪುಸ್ತಕದಲ್ಲಿ ಹಾಕಲೇಬೇಕೆಂದು ನನಗೆ ಆಸೆ. ಆದರೆ ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದೆ ಅವರು ಹೇಳಿದ್ದನ್ನು ಅಚ್ಚು ಹಾಕಿಸುವುದು ಕಳ್ಳತನವೇ. ಮರುವಾರ ಹೋಗಿ ನನ್ನ ಹೆಸರು ಹೇಳಿದೆ.

ಅವರು ಮೊದಲ ಸಲ ನನ್ನೊಡನೆ ಅರೆಭಾಷೆ ಬಿಟ್ಟು, ಹೊರಗಿನವರೊಡನೆ ಆಡುವ ಕನ್ನಡದಲ್ಲಿ ಮಾತಾಡಿದರು. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನಮ್ಮ ಮನೆಯ ನಾಚಿಕೆ ಎಲ್ಲ ನಿಮ್ಮ ಹತ್ರ ಹೇಳಿದೆ. ನೀವು ಹೆಸರು ಸಹ ಹೇಳ್ಲಿಲ್ಲ. ನಾನು ಎಂತ ಮಾಡ್ತೇನೆ ಅಂತ ಗ್ರಹಿಸಿದ್ದು ಮಾರಾಯ್ರೆ? ಒಳಗಿಂದ ಗೆರಟೆ ತರ್ತೇನೆ ಅಂತ ಗ್ರಹಿಸಿದ್ರಾ?"

ನಿಜ ಹೇಳಬೇಕೆಂದರೆ, ನಾನು ಹಾಗೆಯೇ ಗ್ರಹಿಸಿದ್ದೆ.

"ಬರೀರಿ," ಎಂದರು ಕೊನೆಗೆ. "ಆದ್ರೆ ನೀವು ಹೇಳದೆ ಕೂತದ್ದು ಉಂಟಲ್ಲ, ಅದನ್ನೂ ಬರೀಬೇಕು."

ಆಗಲಿ ಎಂದೆ. ಬರೆದೆ ಕೂಡ. ಅಚ್ಚಿಗೆ ಕೊಡುವಾಗ, ಇತಿಹಾಸದ ಪುಸ್ತಕದಲ್ಲಿ ಲೇಖಕನ ಸ್ವಂತ ಪುರಾಣ ಯಾಕೆ ಎಂದು ನನಗೆ ನಾನೇ ನೆಪ ಹೇಳಿಕೊಂಡು ಆ ಪುಟ ತೆಗೆದುಬಿಟ್ಟೆ.

ಪುಸ್ತಕ ಬಂದು ಎಂಟು ತಿಂಗಳಾಯಿತು. ಮುಖಪುಟದಲ್ಲಿ ನನ್ನ ಹೆಸರು ದೊಡ್ಡದಾಗಿಯೇ ಇದೆ. ಒಳಗೆ ಗೆರಟೆ ಇದೆ, ಅಜ್ಜಿ ತಿಂದ ಪೆಟ್ಟು ಇದೆ. ನಾನು ಹೇಳದೆ ಕೂತದ್ದು ಮಾತ್ರ ಇಲ್ಲ. ಅವರಿಗೆಂದು ಎತ್ತಿಟ್ಟ ಪ್ರತಿ ಇನ್ನೂ ನನ್ನ ಮೇಜಿನ ಮೇಲೆಯೇ ಬಿದ್ದಿದೆ.